ಅರಣ್ಯ ಹಕ್ಕು ಅರ್ಜಿ ವಜಾ ಆದರೆ: ಎ.ಸಿ. ಕಚೇರಿಯಿಂದ ಹೈಕೋರ್ಟ್‌ವರೆಗಿನ ದಾರಿ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯ ಸಾವಿರಾರು ಮನೆಗಳಲ್ಲಿ ‘ನಿಮ್ಮ ಅರ್ಜಿ ತಿರಸ್ಕರಿಸಲಾಗಿದೆ’ ಎಂಬ ಹಿಂಬರಹ ಬಿದ್ದಿದೆ. ಅದನ್ನು ಮಡಚಿ ಟ್ರಂಕಿಗೆ ಹಾಕಿ ಸುಮ್ಮನಾದವರು ಒಂದು ಕಡೆ. ಮರುದಿನವೇ ಬೆಂಗಳೂರು ಬಸ್ಸು ಹತ್ತಿದವರು ಇನ್ನೊಂದು ಕಡೆ. ಇಬ್ಬರೂ ಸೋಲುತ್ತಾರೆ. ಹೈಕೋರ್ಟು ಹಕ್ಕುಪತ್ರ ಬರೆದು ಕೊಡುವ ಜಾಗವಲ್ಲ. ಸಮಿತಿಯವರು ಕಾನೂನು ಹೇಳಿದ ಹಾಗೆ ಕೇಳಿದರೇ, ನೋಡಿದರೇ, ಕಾರಣ ಬರೆದರೇ ಎಂದು ಅದು ಪರಿಶೀಲಿಸುತ್ತದೆ. ಅಲ್ಲಿ ತೋರಿಸಬೇಕಾದ ಕಾಗದವೆಲ್ಲ ಕೆಳಗಿನ ಸಮಿತಿಗಳ ಕಡತದಲ್ಲಿ ಮೊದಲೇ ಸೇರಿರಬೇಕು. ಹಾಗಾಗಿ ಈ ಬರಹದ ಮುಕ್ಕಾಲು ಪಾಲು ಕೋರ್ಟಿಗೆ ಹೋಗುವ ಮುಂಚಿನ ಕೆಲಸದ್ದು.

ಇಲ್ಲಿ ಹೇಳುತ್ತಿರುವುದು 2006ರ ಅರಣ್ಯ ಹಕ್ಕು ಕಾಯ್ದೆ, 2008ರ ನಿಯಮಗಳು ಮತ್ತು 2012ರಲ್ಲಿ ಅವಕ್ಕಾದ ತಿದ್ದುಪಡಿಯ ಪ್ರಕಾರ ವೈಯಕ್ತಿಕ ಹಕ್ಕಿಗೆ, ಅಂದರೆ ‘ಎ’ ನಮೂನೆಯಲ್ಲಿ, ಹಾಕಿದ ಅರ್ಜಿಗಳ ಬಗ್ಗೆ. ಈ ಅರ್ಜಿ ಮೊದಲು ಗ್ರಾಮಸಭೆಗೆ, ಅಲ್ಲಿಂದ ಎ.ಸಿ. (ಉಪವಿಭಾಗಾಧಿಕಾರಿ) ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ, ಆಮೇಲೆ ಡಿ.ಸಿ. (ಜಿಲ್ಲಾಧಿಕಾರಿ) ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ.

## ಹಂತ 1: ಇದು ಅರಣ್ಯ ಹಕ್ಕಿನ ಅರ್ಜಿಯೇ, ಬಗರ್ ಹುಕುಂ ಅರ್ಜಿಯೇ?

ನಗೆಪಾಟಲಿನ ಪ್ರಶ್ನೆ ಅನ್ನಿಸಬಹುದು, ಆದರೆ ಎಡವುವುದು ಇಲ್ಲೇ. ನಮೂನೆ 50, 53 ಅಥವಾ 57ರಲ್ಲಿ ಹಾಕಿದ್ದು ಬಗರ್ ಹುಕುಂ, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿ ಎಂಬ ಅರ್ಜಿ. ಅದು ಭೂಕಂದಾಯ ಕಾಯ್ದೆಯ ದಾರಿ, ಅದರ ಮೇಲ್ಮನವಿ ಬೇರೆ. ಒಂದೇ ಜಾಗಕ್ಕೆ ಎರಡೂ ಅರ್ಜಿ ಹಾಕಿದವರು ಎರಡು ಹಿಂಬರಹಗಳನ್ನು ಬೆರೆಸಿಕೊಂಡು ತಪ್ಪು ಕಚೇರಿಯಲ್ಲಿ ಎರಡು ತಿಂಗಳು ಕಳೆಯುತ್ತಾರೆ.

‘ಇದು ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದೇ ಪರಿಗಣಿಸಿದ ಜಾಗ), ಕಾಯ್ದೆ ಅನ್ವಯಿಸದು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಾಯ್ದೆಯ 2(ಡಿ) ಕಲಂ ಅರಣ್ಯ ಭೂಮಿ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ಡೀಮ್ಡ್ ಅರಣ್ಯ, ಗಡಿ ಗುರುತಿಸದ ಅರಣ್ಯ, ಮೀಸಲು ಅರಣ್ಯ, ಅಭಯಾರಣ್ಯ ಎಲ್ಲವೂ ಇವೆ.

## ಹಂತ 2: ಹಿಂಬರಹ ಸಾಲದು, ಇಡೀ ಕಡತದ ನಕಲು ತೆಗೆಸಿ

ಹಿಂಬರಹ ಸಾಮಾನ್ಯವಾಗಿ ಅರ್ಧ ಪುಟದ್ದು. ನಿಮಗೆ ಬೇಕಾದ ಕಾಗದಗಳು ಐದು:

1. ನಿಮ್ಮ ಅರ್ಜಿಯ ಬಗ್ಗೆ ಗ್ರಾಮಸಭೆ ಮಾಡಿದ ಠರಾವು, ಹಾಜರಿ ಸಹಿಗಳ ಸಮೇತ.
2. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಸ್ಥಳ ಪರಿಶೀಲನಾ ವರದಿ, ಮಹಜರು, ಜಿಪಿಎಸ್ ನಕ್ಷೆ.
3. ಉಪವಿಭಾಗ ಮಟ್ಟದ ಸಮಿತಿಯ ಸಭಾ ನಡಾವಳಿ. ನಿಮ್ಮ ಅರ್ಜಿಯ ಕ್ರಮಸಂಖ್ಯೆ ಇರುವ ಪುಟ ಕಡ್ಡಾಯ.
4. ಜಿಲ್ಲಾ ಮಟ್ಟದ ಸಮಿತಿಗೆ ಹೋಗಿದ್ದರೆ ಅದರ ನಡಾವಳಿ.
5. ನಿಮಗೆ ನೋಟಿಸು ಕೊಟ್ಟಿದ್ದೇವೆ ಎನ್ನುವುದಕ್ಕೆ ಅವರ ಬಳಿ ಇರುವ ಪುರಾವೆ: ಅಂಚೆ ರಸೀದಿ ಅಥವಾ ಸ್ವೀಕೃತಿ ಸಹಿ.

ಐದನೆಯದನ್ನು ಯಾರೂ ಕೇಳುವುದಿಲ್ಲ. ಹೈಕೋರ್ಟಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಮಾತ್ರ ಅದೇ.

ಸಾಗರ, ಸೊರಬ, ಹೊಸನಗರ, ಶಿಕಾರಿಪುರ ತಾಲ್ಲೂಕಿನವರಿಗೆ ಉಪವಿಭಾಗ ಸಮಿತಿ ಸಾಗರದ ಎ.ಸಿ. ಕಚೇರಿಯಲ್ಲಿ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ. ಮೊದಲು ಸಾದಾ ಅರ್ಜಿ ಕೊಟ್ಟು ಟಪಾಲಿನಲ್ಲಿ ಸೀಲು ಹಾಕಿಸಿಕೊಳ್ಳಿ. ವಾರದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, ಕಾರ್ಡಿನ ನಕಲು ಲಗತ್ತಿಸಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಗೋಳು ತೋಡಿಕೊಳ್ಳಲು ಹೋದರೆ ಅದೇ ನೆಪದಲ್ಲಿ ಅರ್ಜಿ ವಾಪಸು ಬರುತ್ತದೆ. ಇಷ್ಟು ಬರೆದರೆ ಸಾಕು:

‘… ಗ್ರಾಮದ ಸರ್ವೆ ನಂ. … ರ ಅರಣ್ಯ ಹಕ್ಕು ಅರ್ಜಿ ಸಂಖ್ಯೆ … ಕ್ಕೆ ಸಂಬಂಧಿಸಿದ ಇಡೀ ಕಡತದ (ಟಿಪ್ಪಣಿ ಹಾಳೆ, ಸಭಾ ನಡಾವಳಿ, ನೋಟಿಸು ಜಾರಿಯ ದಾಖಲೆ ಸೇರಿ) ದೃಢೀಕೃತ ನಕಲು ಒದಗಿಸುವುದು.’

ಉತ್ತರಕ್ಕೆ 30 ದಿನ ಅವಕಾಶವಿದೆ. ಅಷ್ಟು ದಿನ ಕಾದು ಆಮೇಲೆ ಮೇಲ್ಮನವಿ ಹಾಕೋಣ ಎಂದುಕೊಳ್ಳಬೇಡಿ. ಏಕೆಂದರೆ ಮುಂದಿನ ಹಂತದ ಗಡಿಯಾರ ಆಗಲೇ ಓಡುತ್ತಿರುತ್ತದೆ.

## ಹಂತ 3: ದಿನ ಎಣಿಸುವುದು

ಗ್ರಾಮಸಭೆ ಠರಾವಿನ ವಿರುದ್ಧ ಉಪವಿಭಾಗ ಸಮಿತಿಗೆ ಮೇಲ್ಮನವಿ: 60 ದಿನ. ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ: 60 ದಿನ. ಎರಡರಲ್ಲೂ ಸಮಿತಿ ಒಪ್ಪಿದರೆ ಇನ್ನೂ 30 ದಿನ ಸಿಗುತ್ತದೆ.

ಕಾಯ್ದೆಯ 6ನೇ ಕಲಂ ದಿನ ಎಣಿಸುವುದು ಠರಾವು ಅಥವಾ ತೀರ್ಮಾನ ಆದ ದಿನದಿಂದ. ಕಾಗದ ನಿಮ್ಮ ಕೈಗೆ ಬಂದ ದಿನದಿಂದ ಎಂದು ಅದು ಹೇಳುವುದಿಲ್ಲ. ಸಮಿತಿ ಮಾರ್ಚ್ 10ಕ್ಕೆ ತೀರ್ಮಾನ ಮಾಡಿದೆ, ಹಿಂಬರಹ ನಿಮಗೆ ತಲುಪಿದ್ದು ಏಪ್ರಿಲ್ 28ಕ್ಕೆ ಅಂದುಕೊಳ್ಳಿ. ಗಡುವು ಮೇ 9. ಉಳಿದಿದ್ದು ಹನ್ನೊಂದೇ ದಿನ. ಜೂನ್ ಕೊನೆವರೆಗೆ ಸಮಯ ಇದೆ ಅಂದುಕೊಂಡವರು ಇಲ್ಲೇ ಮುಳುಗುವುದು.

ಗಡುವು ಆಗಲೇ ಮೀರಿದ್ದರೆ ಕೈ ಚೆಲ್ಲಬೇಡಿ. ತೀರ್ಮಾನವನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು ಎಂದು ನಿಯಮ 12-ಎ(3) ಹೇಳುತ್ತದೆ, ಮೇಲ್ಮನವಿ ಹಾಕಲು ಅನುವಾಗಲಿ ಎಂದೇ. ಹಿಂಬರಹ ಬಂದ ಲಕೋಟೆಯನ್ನು ಅಂಚೆ ಮುದ್ರೆ ಸಮೇತ ಇಟ್ಟುಕೊಂಡು, ವಿಳಂಬ ಮನ್ನಾ ಕೋರುವ ಒಂದು ಪುಟದ ಮನವಿಯ ಜೊತೆ ಮೇಲ್ಮನವಿ ಕೊಡಿ. ಲಕೋಟೆಯನ್ನು ಒಲೆಗೆ ಹಾಕಿದರೆ ನಿಮ್ಮ ಮಾತಿಗೆ ಆಧಾರವೇ ಉಳಿಯದು.

ಉಪವಿಭಾಗ ಸಮಿತಿಯನ್ನು ಬಿಟ್ಟು ಗ್ರಾಮಸಭೆ ಠರಾವಿನ ಮೇಲೆ ನೇರವಾಗಿ ಡಿ.ಸಿ. ಬಳಿಗೆ ಹೋಗಲು ಕಾಯ್ದೆಯೇ ಬಿಡುವುದಿಲ್ಲ.

## ಹಂತ 4: ತಿರಸ್ಕಾರದ ಕಾರಣವನ್ನು ಬಿಡಿಸಿ ಓದುವುದು

ಮಲೆನಾಡಿನ ಹಿಂಬರಹಗಳಲ್ಲಿ ಹೆಚ್ಚಾಗಿ ಕಾಣುವ ಸಾಲು ಇದು: ‘ಅರ್ಜಿದಾರರು ಮೂರು ತಲೆಮಾರು (75 ವರ್ಷ) ಸದರಿ ಜಮೀನನ್ನು ಅನುಭವಿಸಿದ ಬಗ್ಗೆ ದಾಖಲೆ ಒದಗಿಸದ ಕಾರಣ ತಿರಸ್ಕರಿಸಿದೆ.’

ಈ ಒಂದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಕಲಸಲಾಗಿದೆ. ಕಾಯ್ದೆಯ 2(ಒ) ಕಲಂ ಪ್ರಕಾರ ಪಾರಂಪರಿಕ ಅರಣ್ಯವಾಸಿ ಎಂದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು ಅರಣ್ಯದಲ್ಲಿ ವಾಸವಿದ್ದು, ಬದುಕಿಗೆ ಅದನ್ನೇ ನೆಚ್ಚಿದವರು. ತಲೆಮಾರಿಗೆ 25 ವರ್ಷ ಲೆಕ್ಕ, ಅಂದರೆ 1930ರ ಡಿಸೆಂಬರ್‌ವರೆಗೆ ಹಿಂದೆ ಹೋಗಬೇಕು. ಇದು ವಾಸದ ಮತ್ತು ಅವಲಂಬನೆಯ ಪ್ರಶ್ನೆ. ಇಂಥದ್ದೇ ಸರ್ವೆ ನಂಬರಿನ ಇಂಥದ್ದೇ ತುಂಡನ್ನು 75 ವರ್ಷ ಉತ್ತಿರಬೇಕು ಎಂದು ಆ ಕಲಂ ಹೇಳಿಲ್ಲ. ಆ ತುಂಡು 2005ರ ಡಿಸೆಂಬರ್ 13ಕ್ಕೆ ಮೊದಲು ನಿಮ್ಮ ಸ್ವಾಧೀನದಲ್ಲಿತ್ತೇ ಎಂಬುದು 4(3)ನೇ ಕಲಮಿನ ಬೇರೆಯದೇ ಪ್ರಶ್ನೆ. ಅಜ್ಜನ ಕಾಲದಿಂದ ಊರಲ್ಲಿದ್ದೀರಿ, ಈ ಜಾಗ ಸಾಗು ಮಾಡಿದ್ದು 1985ರಲ್ಲಿ ಎಂದಾದರೆ ನಿಮ್ಮ ಅರ್ಜಿ ಆ ಕಾರಣಕ್ಕೆ ಬೀಳಬಾರದು. ಮೇಲ್ಮನವಿಯ ಮೊದಲ ಅಂಶವಾಗಿ ಇದನ್ನೇ ಬರೆಯಿರಿ, ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ.

ಹಸಲರು, ಗೌಡಲು ಮುಂತಾದ ಪರಿಶಿಷ್ಟ ಪಂಗಡದವರ ಹಿಂಬರಹದಲ್ಲೂ ಕೆಲವೊಮ್ಮೆ ಇದೇ 75 ವರ್ಷದ ಸಾಲು ಅಚ್ಚಾಗಿರುತ್ತದೆ. ಅವರಿಗೆ ಮೂರು ತಲೆಮಾರಿನ ಷರತ್ತೇ ಇಲ್ಲ. ಜಾತಿ ಪ್ರಮಾಣಪತ್ರ ಲಗತ್ತಿಸಿ ಇದೊಂದನ್ನೇ ಎತ್ತಿ ಹಿಡಿದರೂ ಆದೇಶ ನಿಲ್ಲುವುದು ಕಷ್ಟ.

ಉಳಿದ ಕಾರಣಗಳು:

‘ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ.’ ಅಡಿಕೆ, ಕಾಳುಮೆಣಸಿನ ಹಿಡುವಳಿ ಮೇಲಿನಿಂದ ನೋಡಿದರೆ ಕಾಡಿನ ಹಾಗೇ ಕಾಣುತ್ತದೆ. ಉಪಗ್ರಹ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕವೇ ಹೊರತು ಅದರ ಬದಲಿಗೆ ಅಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ.

‘ಒತ್ತುವರಿ ಪಟ್ಟಿಯಲ್ಲಿ ಹೆಸರಿಲ್ಲ’, ‘ದಂಡದ ರಸೀದಿ ಇಲ್ಲ.’ ಅಂಥ ದಾಖಲೆ ಇಲ್ಲ ಎಂಬುದೊಂದನ್ನೇ ಕಾರಣ ಮಾಡಿ ತಿರಸ್ಕರಿಸಬಾರದು. ಇಂಥದ್ದೇ ದಾಖಲೆ ತನ್ನಿ ಎಂದು ಹಟ ಹಿಡಿಯುವುದನ್ನೂ ನಿಯಮ 12-ಎ(11) ತಡೆಯುತ್ತದೆ. ನಿಯಮ 13ರ ಯಾವುದಾದರೂ ಎರಡು ಬಗೆಯ ಸಾಕ್ಷ್ಯವಿದ್ದು ಗ್ರಾಮಸಭೆ ಶಿಫಾರಸು ಮಾಡಿದ್ದರೆ, ಲಿಖಿತ ಕಾರಣ ಕೊಡದೆ ಸಮಿತಿ ತಿರಸ್ಕರಿಸುವಂತಿಲ್ಲ.

‘ಜಂಟಿ ಪರಿಶೀಲನೆಗೆ ಅರಣ್ಯ ಇಲಾಖೆಯವರು ಬಂದಿರಲಿಲ್ಲ.’ ಅವರು ಬರದಿದ್ದುದು ನಿಮ್ಮ ತಪ್ಪಲ್ಲ. ಅವರನ್ನು ಅರಣ್ಯ ಹಕ್ಕು ಸಮಿತಿ ಕರೆದ ಪತ್ರದ ನಕಲನ್ನು ಗ್ರಾಮ ಪಂಚಾಯ್ತಿಯಿಂದ ತೆಗೆಸಿ ಲಗತ್ತಿಸಿ.

ಕಾರಣವೇ ಇಲ್ಲ, ಅಥವಾ ನೂರು ಜನರ ಪಟ್ಟಿಗೆ ಒಂದೇ ಸಾಲು. ಗ್ರಾಮಸಭೆಯ ಶಿಫಾರಸನ್ನು ತಿರಸ್ಕರಿಸುವ ಪ್ರತಿ ತೀರ್ಮಾನವೂ ಸಕಾರಣ ಆದೇಶವಾಗಿರಬೇಕು, ಇದು ನಿಯಮ 12-ಎ(10). ಕೋರ್ಟಿನ ಮುಂದೆ ಇದಕ್ಕಿಂತ ಗಟ್ಟಿ ಅಂಶ ಕಡಿಮೆ.

ಸರಿಯಾದ ತಿರಸ್ಕಾರಗಳೂ ಇವೆ, ಅದನ್ನೂ ಹೇಳಲೇಬೇಕು. 2005ರ ನಂತರ ಕಾಡು ಕಡಿದು ಮಾಡಿದ ತೋಟ, ಪೇಟೆಯಲ್ಲಿ ನೌಕರಿ ಮಾಡಿಕೊಂಡು ಆಳಿನಿಂದ ಮಾಡಿಸುವ ಜಮೀನು, ಇವುಗಳಿಗೆ ಈ ಕಾಯ್ದೆಯಲ್ಲಿ ಜಾಗವಿಲ್ಲ. ಇನ್ನು ವಿಸ್ತೀರ್ಣ. ಮಿತಿ 4 ಹೆಕ್ಟೇರು, ಅಂದರೆ ಸುಮಾರು 9 ಎಕರೆ 35 ಗುಂಟೆ. ಅದಕ್ಕಿಂತ ಮೇಲೆ ಕೇಳಿ ಪೂರ್ತಿ ಅರ್ಜಿಯೇ ವಜಾ ಆಗಿದ್ದರೆ, ಮಿತಿಯೊಳಗಿನ ಭಾಗಕ್ಕಾದರೂ ಪರಿಗಣಿಸಿ ಎಂದು ಕೇಳಿ.

## ಹಂತ 5: ಸಾಕ್ಷ್ಯದ ಕಡತ ಕಟ್ಟುವುದು

ಬೇಕಾದದ್ದು ಗಟ್ಟಿ ರಟ್ಟಿನ ಒಂದು ಫೈಲು, ಪುಟ ಸಂಖ್ಯೆ, ಮೇಲೊಂದು ವಿಷಯಸೂಚಿ, ಮೂರು ಪ್ರತಿ. ಮೂಲ ದಾಖಲೆಯನ್ನು ಯಾವ ಕಚೇರಿಗೂ ಬಿಟ್ಟುಬರಬೇಡಿ.

ವಾಸಕ್ಕೆ ಸಂಬಂಧಿಸಿದ್ದು ಮೊದಲ ಭಾಗ. ಹಳೆಯ ಶಾಲೆಯ ದಾಖಲಾತಿ ಪುಸ್ತಕದ ನಕಲು, ಜನನ-ಮರಣ ನೋಂದಣಿ, ಹಳೆ ಮತದಾರರ ಪಟ್ಟಿ, ಮನೆ ಕಂದಾಯ ರಸೀದಿ, ಪಡಿತರ ಚೀಟಿ. ಊರು ಹಳೆಯದು ಎನ್ನುವುದಕ್ಕೆ ಮೈಸೂರು ಸಂಸ್ಥಾನದ ಗೆಜೆಟಿಯರ್, ಜನಗಣತಿ ಪುಸ್ತಕ, ಹಳೆ ಸರ್ವೆ ನಕ್ಷೆ. ಸೊರಬ, ಸಾಗರದ ಕಡೆಯವರು ಕಾನು (ಊರವರು ಕಾಪಾಡಿಕೊಂಡು ಬಂದ ಕಾಡು), ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಹಳೆಯ ದಾಖಲೆಗಳನ್ನು ಬಿಡಬೇಡಿ. ಸಂಸ್ಥಾನದ ಕಾಲದ ಸವಲತ್ತಿನ ದಾಖಲೆಗೆ ನಿಯಮ 13 ಪ್ರತ್ಯೇಕವಾಗಿ ಮಾನ್ಯತೆ ಕೊಟ್ಟಿದೆ.

ಸ್ವಾಧೀನದ್ದು ಎರಡನೇ ಭಾಗ. 2005ಕ್ಕೆ ಮೊದಲು ಅರಣ್ಯ ಇಲಾಖೆ ನಿಮ್ಮ ಮೇಲೆ ಹಾಕಿದ ಒತ್ತುವರಿ ಮೊಕದ್ದಮೆ ಇದ್ದರೆ ಅದನ್ನು ಅವಮಾನವೆಂದು ಮುಚ್ಚಿಡಬೇಡಿ. ಆ ತಾರೀಖಿಗೆ ಆ ಜಾಗದಲ್ಲಿ ನೀವಿದ್ದಿರಿ ಎಂದು ಇಲಾಖೆಯೇ ಬರೆದುಕೊಟ್ಟ ಚೀಟಿ ಅದು. ಕಟ್ಟಿದ ಅಗಳು, ಬದು, ಬಾವಿ, ಮನೆಯ ತಳಪಾಯ, ಹಳೆ ಹಲಸಿನ ಮರ, ಇವುಗಳ ಫೋಟೊ ತೆಗೆದು ಪ್ರತಿಯೊಂದರ ಹಿಂದೆ ದಿಕ್ಕು, ದೂರ, ತಾರೀಖು ಬರೆಯಿರಿ. ಈ ಕೆಲಸ ಮಾರ್ಚಿನೊಳಗೆ ಮುಗಿಯಲಿ. ಜೂನ್ ಹಿಡಿದರೆ ಬದು ಯಾವುದು ಕಳೆ ಯಾವುದು ಗೊತ್ತಾಗುವುದಿಲ್ಲ, ಸರ್ವೆಯವರೂ ಗುಡ್ಡ ಹತ್ತುವುದಿಲ್ಲ.

ಹಿರಿಯರ ಹೇಳಿಕೆ ಮೂರನೆಯದು, ಅತಿ ಹೆಚ್ಚು ಕೆಡಿಸಿಕೊಳ್ಳುವುದೂ ಇದನ್ನೇ. ‘ಇವರು ತಲತಲಾಂತರದಿಂದ ಇಲ್ಲೇ ಇದ್ದಾರೆ, ನನಗೆ ಗೊತ್ತು’ ಎಂದು ಟೈಪು ಮಾಡಿ ಐವತ್ತು ಅರ್ಜಿಗೆ ಒಬ್ಬರ ಹೆಬ್ಬೆಟ್ಟು ಒತ್ತಿಸಿದರೆ ಅದು ಕಸ. ಹೇಳಿಕೆ ಹೀಗಿರಬೇಕು:

‘ನನಗೀಗ 82 ವರ್ಷ. ಇದೇ ಊರಲ್ಲಿ ಹುಟ್ಟಿದವನು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅರ್ಜಿದಾರರ ಅಜ್ಜ ಚೌಡಿ ಬನದ ಕೆಳಗಿನ ಸೋಗೆ ಮನೆಯಲ್ಲಿದ್ದರು. ಅವರ ಮನೆ ಬಾವಿಯಿಂದ ನಾವು ನೀರು ತರುತ್ತಿದ್ದೆವು. ಆ ಬಾವಿ ಈಗಲೂ ಇದೆ. ಅವರ ತಂದೆಯನ್ನು ಇದೇ ಊರಿನ ಸುಡುಗಾಡಿನಲ್ಲಿ ಮಣ್ಣು ಮಾಡಿದ್ದು ಎಂದು ನನ್ನ ಅಪ್ಪ ಹೇಳುತ್ತಿದ್ದರು.’

ಜಾಗ, ವಸ್ತು, ವಯಸ್ಸು, ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬ ಭೇದ, ಎಲ್ಲ ಇವೆ ನೋಡಿ. ಆದರೂ 82ರ ಅಜ್ಜ ಸ್ವತಃ 1930 ಕಂಡವನಲ್ಲ. ಆ ಕಂದಕ ತುಂಬಲು ವಂಶವೃಕ್ಷ ಬೇಕು. ನಿಮ್ಮಿಂದ ಹಿಂದಕ್ಕೆ ಹೋಗುತ್ತ, ಹಳೆ ದಾಖಲೆಯೊಂದರಲ್ಲಿ ಹೆಸರಿರುವ ಪೂರ್ವಜನಿಗೆ ಅದು ತಾಗಬೇಕು. ಹೇಳಿಕೆ ಕೊಡುವವರು ಸ್ವತಃ ಅರ್ಜಿದಾರರಾಗಿರಬಾರದು.

## ಹಂತ 6: ಮೇಲ್ಮನವಿ ಮತ್ತು ವಿಚಾರಣೆ

ಮೇಲ್ಮನವಿ ನಾಲ್ಕು ಪುಟ ದಾಟದಿರಲಿ. ಅರ್ಜಿಯ ಸಂಖ್ಯೆ, ತಾರೀಖುಗಳು, ಆದೇಶದ ಕಾರಣವನ್ನು ಇದ್ದ ಹಾಗೇ ಬರೆದ ಒಂದು ಸಾಲು, ಆ ಕಾರಣ ಯಾಕೆ ತಪ್ಪು, ಯಾವ ಪುಟದ ಯಾವ ದಾಖಲೆ, ಕೋರಿಕೆ. ‘ನಾವು ಬಡವರು, ಕರುಣೆ ತೋರಿ’ ಎಂದು ಬರೆದ ಮೇಲ್ಮನವಿಯಲ್ಲಿ ಕೋರ್ಟು ಆಮೇಲೆ ಹುಡುಕುವಂಥದ್ದು ಏನೂ ಇರುವುದಿಲ್ಲ.

ವಿಚಾರಣೆಯ ದಿನವನ್ನು ಕನಿಷ್ಠ 15 ದಿನ ಮುಂಚೆ ನಿಮಗೆ ಬರಹದಲ್ಲಿ ತಿಳಿಸಬೇಕು, ಊರಿನಲ್ಲಿ ನೋಟಿಸನ್ನೂ ಅಂಟಿಸಬೇಕು. ಹೋದ ದಿನ ಹಾಜರಿಗೆ ಸಹಿ ಹಾಕಿ, ಫೈಲಿನ ಜೊತೆ ಎರಡು ಪುಟದ ಲಿಖಿತ ಹೇಳಿಕೆ ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿ. ಬಾಯಲ್ಲಿ ಹೇಳಿದ್ದು ನಡಾವಳಿಗೆ ಬರದಿದ್ದರೆ ಹೇಳಿದ್ದಕ್ಕೆ ಗುರುತೇ ಇರದು. ಸಮಿತಿ ಅರ್ಜಿಯನ್ನು ಮರುಪರಿಶೀಲನೆಗೆ ಗ್ರಾಮಸಭೆಗೆ ವಾಪಸು ಕಳಿಸಬಹುದು. ಅದನ್ನು ಸೋಲು ಅಂದುಕೊಳ್ಳಬೇಡಿ, ಕೊರತೆ ತುಂಬಿಕೊಳ್ಳಲು ಸಿಕ್ಕ ಅವಕಾಶ ಅದು. ಆದರೆ ಆ ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರು, ಅರ್ಜಿದಾರರಲ್ಲಿ ಅರ್ಧ ಜನ ಇರಲೇಬೇಕು. ಕೊಯ್ಲಿನ ಸಮಯದಲ್ಲಿ ಕರೆದ ಸಭೆಗಳು ಕೋರಂ ಇಲ್ಲದೆ ಬೀಳುವುದು ಮಾಮೂಲು.

ಎಚ್ಚರದ ಗಂಟೆಗಳು: ಖಾಲಿ ಹಾಳೆಗೆ ಸಹಿ ಕೇಳುವುದು, ‘ಸ್ವಇಚ್ಛೆಯಿಂದ ಜಾಗ ಬಿಡುತ್ತೇನೆ’ ಎಂಬ ಮುಚ್ಚಳಿಕೆ, ವಿಚಾರಣೆಗೆ ಹಿಂದಿನ ದಿನ ಫೋನಿನಲ್ಲಷ್ಟೇ ಕರೆಯುವುದು, ಹಕ್ಕುಪತ್ರ ಮಾಡಿಸಿಕೊಡುತ್ತೇನೆಂದು ಎಕರೆ ಲೆಕ್ಕದಲ್ಲಿ ದುಡ್ಡು ಕೇಳುವವರು.

## ಹಂತ 7: ಹೈಕೋರ್ಟಿಗೆ ರಿಟ್

ಜಿಲ್ಲಾ ಸಮಿತಿಯ ತೀರ್ಮಾನವೇ ಅಂತಿಮ ಎಂದು 6(6)ನೇ ಕಲಂ ಹೇಳುತ್ತದೆ. ಅಲ್ಲಿಂದ ಮುಂದೆ ಉಳಿಯುವುದು ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ, ಅಂದರೆ ಸಮಿತಿ ಕಾನೂನಿನಂತೆ ನಡೆದಿದೆಯೇ ನೋಡಿ ಎಂದು ಹೈಕೋರ್ಟನ್ನು ಕೇಳುವ ಅರ್ಜಿ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಯವರಿಗೆ ಅದು ಬೆಂಗಳೂರಿನ ಪ್ರಧಾನ ಪೀಠ. ಸಾಗರ ದಾಟಿ ಸಿದ್ದಾಪುರಕ್ಕೆ ಕಾಲಿಟ್ಟರೆ ಉತ್ತರ ಕನ್ನಡ, ಅಲ್ಲಿಯವರಿಗೆ ಧಾರವಾಡ ಪೀಠ. ಗಡಿಯ ಊರಿನವರು ನೆಂಟರ ಮಾತು ಕೇಳಿ ತಪ್ಪು ಪೀಠದ ವಕೀಲರನ್ನು ಹಿಡಿಯಬೇಡಿ.

ರಿಟ್‌ಗೆ ಇಷ್ಟೇ ದಿನ ಎಂಬ ಕಾಯ್ದೆಯ ಗಡುವಿಲ್ಲ, ಆದರೆ ತಡವಾದಷ್ಟೂ ವಿವರಣೆ ಕೊಡಬೇಕಾಗುತ್ತದೆ. ಮೂರು ತಿಂಗಳೊಳಗೆ ಹಾಕಿಬಿಡಿ ಎಂಬುದು ನಮ್ಮ ಸಲಹೆ.

ವಕೀಲರ ಬಳಿ ಹೋಗುವಾಗ ಕೊಂಡೊಯ್ಯಬೇಕಾದ್ದು: ಹಂತ 2ರ ಐದು ಕಾಗದಗಳು, ಮೇಲ್ಮನವಿಗಳ ಸೀಲು ಹಾಕಿದ ಪ್ರತಿ, ಲಕೋಟೆ, ಆಧಾರ್, ಒಂದು ಹಾಳೆಯಲ್ಲಿ ತಾರೀಖುಗಳ ಪಟ್ಟಿ. ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ, ಓದಲಾಗದ ಕೈಬರಹಕ್ಕೆ ಟೈಪು ಪ್ರತಿ ಬೇಕಾಗುತ್ತದೆ. ಹಳೆ ನಕಲಿನಲ್ಲಿ ಮಸುಕಾದ ಪುಟ ಇದ್ದರೆ ಕೋರ್ಟಿನ ಕಚೇರಿ ಆಕ್ಷೇಪ ಹಾಕಿ ಇಡುತ್ತದೆ, ಕೇಸು ನ್ಯಾಯಮೂರ್ತಿಗಳ ಮುಂದೆ ಬರುವುದೇ ಇಲ್ಲ. ‘ಕೇಸು ಹಾಕಿ ವರ್ಷವಾಯ್ತು, ಏನೂ ಆಗಿಲ್ಲ’ ಎನ್ನುವವರು ಮೊದಲು ವಕೀಲರನ್ನು ಕೇಳಬೇಕಾದ್ದು: ಆಫೀಸ್ ಅಬ್ಜೆಕ್ಷನ್ ತೀರಿದೆಯೇ?

ಎದುರುದಾರರಾಗಿ ರಾಜ್ಯ ಸರ್ಕಾರ, ಡಿ.ಸಿ. ಅಧ್ಯಕ್ಷತೆಯ ಜಿಲ್ಲಾ ಸಮಿತಿ, ಎ.ಸಿ. ಅಧ್ಯಕ್ಷತೆಯ ಉಪವಿಭಾಗ ಸಮಿತಿ, ಅರಣ್ಯ ಉಪ ಸಂರಕ್ಷಣಾಧಿಕಾರಿ, ಗ್ರಾಮಸಭೆ ಇರಬೇಕು. ಅರಣ್ಯ ಇಲಾಖೆಯನ್ನು ಬಿಟ್ಟರೆ ತಡೆಯಾಜ್ಞೆ ಸಿಕ್ಕರೂ ‘ನಮಗೆ ಗೊತ್ತಿರಲಿಲ್ಲ’ ಎನ್ನುತ್ತಾರೆ.

ಕೋರಿಕೆ ಮೂರು: ತಿರಸ್ಕಾರ ಆದೇಶ ರದ್ದುಪಡಿಸುವುದು, ಅರ್ಜಿಯನ್ನು ಕಾನೂನಿನಂತೆ, ಅಹವಾಲು ಕೇಳಿ, ಇಂತಿಷ್ಟು ವಾರದೊಳಗೆ ಹೊಸದಾಗಿ ತೀರ್ಮಾನಿಸಲು ನಿರ್ದೇಶಿಸುವುದು, ಅಲ್ಲಿಯವರೆಗೆ ಒಕ್ಕಲೆಬ್ಬಿಸದಂತೆ ಮಧ್ಯಂತರ ಆದೇಶ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸಬಾರದು ಎಂಬ 4(5)ನೇ ಕಲಂ ಮೂರನೆಯದಕ್ಕೆ ಆಧಾರ. ‘ಹಕ್ಕುಪತ್ರ ಕೊಡಿಸಿ’ ಎಂಬುದೊಂದೇ ಕೋರಿಕೆಯಾದರೆ, ಸಾಕ್ಷ್ಯ ತೂಗುವುದು ನಮ್ಮ ಕೆಲಸವಲ್ಲ ಎಂದು ಕೋರ್ಟು ಹೇಳುವ ಸಂಭವ ಹೆಚ್ಚು. ತೀರ್ಮಾನವೇ ಮಾಡದೆ ವರ್ಷಗಟ್ಟಲೆ ಕೂತಿದ್ದರೆ, ತೀರ್ಮಾನಿಸಲು ಆದೇಶಿಸಿ ಎಂದಷ್ಟೇ ರಿಟ್ ಹಾಕಬಹುದು. ಅದಕ್ಕೆ ಮೊದಲು ಎರಡು ನೆನಪೋಲೆಗಳ ಸ್ವೀಕೃತಿ ಇರಲಿ.

ತಿರಸ್ಕೃತರನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 13ರಂದು ಹೇಳಿತ್ತು ಎಂದು ಹೆದರಿಸುವವರಿದ್ದಾರೆ. ಅದೇ ತಿಂಗಳ 28ರಂದು ಆ ಆದೇಶವನ್ನು ಅದೇ ಕೋರ್ಟು ತಡೆಹಿಡಿದು, ತಿರಸ್ಕಾರದಲ್ಲಿ ಯಾವ ಕ್ರಮ ಅನುಸರಿಸಿದಿರಿ ಎಂದು ರಾಜ್ಯಗಳನ್ನು ಕೇಳಿತು. ಆದರೂ ತೆರವಿನ ನೋಟಿಸು ಬಂದರೆ, ರಿಟ್ ಬಾಕಿ ಇದೆ ಎಂದು ಸುಮ್ಮನಿರದೆ ನೋಟಿಸಿನ ಗಡುವಿನೊಳಗೆ ಲಿಖಿತ ಉತ್ತರ ಕೊಡಲೇಬೇಕು.

ಊರಿನ ನಲವತ್ತು ಜನ ಸೇರಿ ಒಂದೇ ರಿಟ್ ಹಾಕಿದರೆ ಖರ್ಚು ಕಡಿಮೆ ಎಂಬುದು ನಿಜ. ಆದರೆ ತಿರಸ್ಕಾರದ ಕಾರಣ ಒಂದೇ ಇರುವವರನ್ನಷ್ಟೇ ಸೇರಿಸಿಕೊಳ್ಳಿ. 2010ರಲ್ಲಿ ತೋಟ ಮಾಡಿದ ಒಬ್ಬನ ಕಡತ ಉಳಿದ ಮೂವತ್ತೊಂಬತ್ತು ಜನರ ಮೇಲೂ ಅನುಮಾನ ತರುತ್ತದೆ.

ವಕೀಲರ ಫೀಸಿಗೆ ಶಕ್ತಿಯಿಲ್ಲದವರು ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಹೈಕೋರ್ಟಿಗೆ ಪ್ರತ್ಯೇಕ ಕಾನೂನು ಸೇವಾ ಸಮಿತಿ ಇದೆ, ತಾಲ್ಲೂಕಿನಿಂದಲೇ ಅಲ್ಲಿಗೆ ಕಳಿಸುತ್ತಾರೆ.

## ಹಂತ 8: ಆದೇಶ ಬಂದ ಮೇಲೆ

ಗೆದ್ದವರಲ್ಲಿ ಅರ್ಧ ಜನ ಇಲ್ಲಿ ನಿದ್ದೆ ಮಾಡುತ್ತಾರೆ. ಆದೇಶದ ದೃಢೀಕೃತ ನಕಲು ಬಂದ ವಾರದಲ್ಲೇ ಒಂದು ಮುಖಪತ್ರದ ಜೊತೆ ಡಿ.ಸಿ., ಎ.ಸಿ. ಮತ್ತು ಅರಣ್ಯ ಉಪ ಸಂರಕ್ಷಣಾಧಿಕಾರಿ (ಡಿ.ಎಫ್.ಒ.) ಕಚೇರಿಗಳ ಟಪಾಲಿಗೆ ಕೊಟ್ಟು ಸೀಲು, ಸಂಖ್ಯೆ ಪಡೆಯಿರಿ. ಕೋರ್ಟು ಹೇಳಿದ ವಾರಗಳ ಲೆಕ್ಕ ನಕಲು ತಲುಪಿದ ದಿನದಿಂದ ಎಂದು ಆದೇಶಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ನೀವು ತಲುಪಿಸದಿದ್ದರೆ ಆ ಲೆಕ್ಕ ಶುರುವೇ ಆಗುವುದಿಲ್ಲ. ಹೊಸ ವಿಚಾರಣೆಗೆ ಹಂತ 5ರ ಫೈಲನ್ನು ಮತ್ತೆ ಪೂರ್ತಿಯಾಗಿ ಕೊಡಿ, ‘ಹಿಂದೆಯೇ ಕೊಟ್ಟಿದ್ದೇವೆ’ ಎಂದು ಬಿಡಬೇಡಿ.

ಸೋತರೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ, 30 ದಿನದೊಳಗೆ. ಗೆದ್ದೂ ಸಮಿತಿ ಆದೇಶ ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ, ಉಲ್ಲಂಘನೆಯಾದ ಒಂದು ವರ್ಷದೊಳಗೆ. ಅದನ್ನು ಹಾಕುವ ಮೊದಲು ಒಂದು ಲೀಗಲ್ ನೋಟಿಸು ಕಳಿಸಿ ಹದಿನೈದು ದಿನ ಕಾಯಿರಿ. ಎಷ್ಟೋ ಕಡತಗಳು ಆ ನೋಟಿಸಿಗೇ ಮೇಜು ಬಿಟ್ಟು ಕದಲುತ್ತವೆ.